ಭೂಮಿ ಒಣಗ್ಯಾದ

ಒಬ್ಬ ಹಿರಿಯರನ್ನು ಅವರ ಮೂವತ್ತು ವರ್ಷದ ಕುರ್ಚಿಯಿಂದ ಎಬ್ಬಿಸಿ ಮನೆಗೆ ಕಳಿಸಿದ್ದು ನನ್ನ ಗಂಟಲು. ಇದರಲ್ಲಿ ತಲೆಯ ಪಾತ್ರವೇನೂ ಇರಲಿಲ್ಲ. ಆ ದಿನಗಳಲ್ಲಿ ತಲೆಯನ್ನು ನಾನು ಹೆಚ್ಚಾಗಿ ಬಾಚಿಕೊಳ್ಳಲು ಬಳಸುತ್ತಿದ್ದೆ. ಗಂಟಲು ಮಾತ್ರ ಬಿಡುವಿಲ್ಲದೆ ದುಡಿಯುತ್ತಿತ್ತು. ಹುಮನಾಬಾದ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಮನುಷ್ಯ, ನಾನು ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯ ಸೇಠ್‌ಜಿ, ಸೇಠ್‌ಜಿಯ ಸ್ಕೂಟರು, ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಟೆಲಿಫೋನ್ ಲೈನಿಗೆ ಹತ್ತುವಾಗ ಮೋಡೆಮ್ಮು ಕಿರುಚುವ ದನಿಯಂತೂ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಒಮ್ಮೆ ಒಬ್ಬ ಗಿರಾಕಿ ಇಂಟರ್ನೆಟ್ ಬಂತೆಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿದ್ದರು.

ಇನ್ನೊಂದು ತಪ್ಪೂ ಇದೆ. ಹೊಸ ಜಾಗದಲ್ಲಿ ನೆಟ್‌ವರ್ಕ್ ಹಾಕುವ ಮೊದಲು ಏನೇನು ನೋಡಬೇಕೆಂದು ಸೇಠ್‌ಜಿ ಒಂದು ರಟ್ಟಿನ ಚೀಟಿಯಲ್ಲಿ ಏಳು ಸಾಲು ಬರೆದುಕೊಟ್ಟಿದ್ದರು. ನಾನು ಎರಡನೆಯ ಸಾಲಿನಿಂದ ಶುರುಮಾಡಿದೆ. ಮೊದಲನೆಯದು ತೀರಾ ಸಣ್ಣ ಕೆಲಸ, ನನ್ನಂಥವನು ಮಾಡುವಂಥದ್ದಲ್ಲ ಅನ್ನಿಸಿತ್ತು. ಆ ಸಾಲಿನಲ್ಲಿ ಏನಿತ್ತೆಂದು ಅದರ ಜಾಗ ಬಂದಾಗ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ರಸ್ತೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾಹೀರಾತಿನ ಚೀಟಿ ಅಲ್ಲಿ ಅಚ್ಚಾಗುತ್ತಿದ್ದವು. ರಸ್ತೆಗೆ ಮುಖಮಾಡಿದ ಕೋಣೆಯಲ್ಲಿ ಒಂದು ಕಂಪ್ಯೂಟರು. ಅಲ್ಲಿ ಆಪರೇಟರ್ ಅಕ್ಕ ಕೂತು ಕನ್ನಡ, ಮರಾಠಿ ಎರಡನ್ನೂ ಕಂಪೋಜ್ ಮಾಡುತ್ತಿದ್ದರು. ನಡುವೆ ಅಂಗಳ. ಅಂಗಳದಾಚೆಯ ಕೋಣೆಯಲ್ಲಿ ಅಚ್ಚಿನ ಮಷಿನ್ನು, ಕಾಗದ ಕತ್ತರಿಸುವ ಮಷಿನ್ನು, ಇನ್ನೊಂದು ಕಂಪ್ಯೂಟರು, ಅದಕ್ಕೆ ಲೇಸರ್ ಪ್ರಿಂಟರು. ಅಕ್ಕ ಮುಂದೆ ಮಾಡಿದ್ದನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಹಿಂದೆ ಹೋಗಿ ಪ್ರಿಂಟ್ ತೆಗೆಯಬೇಕು. ಅಕ್ಷರವಷ್ಟೇ ಇದ್ದರೆ ಫ್ಲಾಪಿ ಸಾಕು. ಆದರೆ ಲಗ್ನಪತ್ರಿಕೆಯ ತಲೆಗೆ ದೇವರ ಫೋಟೊ ಕೂಡಿಸಿದರೆ ಅದು ಫ್ಲಾಪಿಯಲ್ಲಿ ಹಿಡಿಸುತ್ತಿರಲಿಲ್ಲ. ಎರಡನ್ನೂ ಜೋಡಿಸಿಕೊಡಿ ಎಂದು ಪ್ರೆಸ್ಸಿನ ಮಾಲೀಕ ಕೇಳಿದ. ತಂದೆ ತೀರಿಕೊಂಡ ಮೇಲೆ ಪ್ರೆಸ್ಸು ಅವನ ಕೈಗೆ ಬಂದು ಎರಡು ವರ್ಷವಾಗಿತ್ತು, ಅಷ್ಟೆ. ಸೇಠ್‌ಜಿ ನನ್ನನ್ನು ಕಳಿಸಿದರು.

ಎರಡೇ ಕಂಪ್ಯೂಟರಿಗೆ ಹಬ್ ಎಂಬ ಡಬ್ಬಿ ಬೇಕಿರಲಿಲ್ಲ. ಟೀವಿ ಕೇಬಲ್ಲಿನಂತೆ ಕಾಣುವ, ಆದರೆ ಅದಲ್ಲದ, ಕರಿ ಕೇಬಲ್ಲನ್ನು ಅಂಗಳದ ಗೋಡೆಗುಂಟ ಎಳೆದೆ. ಎರಡೂ ಕಂಪ್ಯೂಟರಿಗೆ ಒಂದೊಂದು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿದೆ. ಪ್ರತಿ ಕಾರ್ಡಿನ ಮೂತಿಗೆ ಇಂಗ್ಲಿಷಿನ ಟಿ ಅಕ್ಷರದಂಥ ಒಂದು ಕೊಂಡಿ. ಅದರ ಒಂದು ಕೈಗೆ ಕೇಬಲ್ಲು, ಇನ್ನೊಂದು ಕೈಗೆ ಸಣ್ಣ ಟೋಪಿ. ಟೋಪಿಯೊಳಗೆ ಒಂದು ರೆಸಿಸ್ಟರ್ ಇರುತ್ತದೆ. ಕೇಬಲ್ಲಿನ ತುದಿಗೆ ಬಂದ ಸಂಕೇತವನ್ನು ಅದು ನುಂಗಿಕೊಳ್ಳಬೇಕು. ಇಲ್ಲದಿದ್ದರೆ ಸಂಕೇತ ಗೋಡೆಗೆ ಬಡಿದ ಚೆಂಡಿನಂತೆ ಹಿಂದೆ ಬಂದು ಎಲ್ಲವನ್ನೂ ಕಲಸುತ್ತದೆ.

"ವೈರಿಗಿ ಟೋಪಿ ಹಾಕಾಕತ್ತಿಯೋ, ನನಗ ಹಾಕಾಕತ್ತಿಯೋ?" ಎಂದು ಮಾಲೀಕ ಕೇಳಿದ.

"ಸದ್ಯಾ ವೈರಿಗೇ ರಿ," ಅಂದೆ.

ಒಂದಕ್ಕೆ 'ಮುಂದ' ಎಂದೂ ಇನ್ನೊಂದಕ್ಕೆ 'ಹಿಂದ' ಎಂದೂ ಹೆಸರಿಟ್ಟೆ. ನಂಬರು ಕೊಟ್ಟೆ. ಪಿಂಗ್ ಮಾಡಿದೆ. ಪಿಂಗ್ ಅಂದರೆ ಒಂದು ಕಂಪ್ಯೂಟರು ಇನ್ನೊಂದನ್ನು 'ಇದ್ದೀಯಾ?' ಎಂದು ಕೂಗಿ ಕೇಳುವುದು. 'ಇದ್ದೀನಿ' ಎಂದು ನಾಲ್ಕಕ್ಕೆ ನಾಲ್ಕೂ ಸಲ ಉತ್ತರ ಬಂತು. ಅಕ್ಕ ಕೂತಲ್ಲೇ ಗುಂಡಿ ಒತ್ತಿದರು, ಅಂಗಳದಾಚೆ ಪ್ರಿಂಟರು ಕೊರಕೊರ ಅಂದಿತು. ಅಕ್ಕ ಎದ್ದು ಹೋಗಿ ಕಾಗದ ನೋಡಿ ಬಂದು, "ಇನ್ನ ನನಗ ನಡ್ಯೂ ಕೆಲಸ ಉಳೀಲಿಲ್ಲ, ದಪ್ಪ ಆಗ್ತೀನಿ ನೋಡು," ಅಂದರು.

ಹಿಂದಿನ ಕೋಣೆಯಲ್ಲೇ, ಎರಡನೆಯ ಕಂಪ್ಯೂಟರಿನ ಮಗ್ಗುಲಿಗೆ ಕಾಕಾ ಕೂರುತ್ತಿದ್ದರು. ಮೊದಲು ಸೀಸದ ಅಚ್ಚುಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದವರು. ಮೊಳೆಗಳು ತೂಕಕ್ಕೆ ಹೋದ ಮೇಲೆ ಪ್ರೂಫ್ ತಿದ್ದುವ ಕೆಲಸ. ರಾಜೇಶ್ವರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ಯಾವ ಮಾತಿಗೂ ಮೊದಲು ಒಂದು ಉದ್ದನೆಯ "ಹೂಂ..." ಬರಬೇಕು, ಆಮೇಲೆ ಮಾತು. ಜೊತೆಗೊಂದು ಹಟ: ಇಂಗ್ಲಿಷ್ ಶಬ್ದ ಬಾಯಿಗೂ ಬರಬಾರದು, ಕಾಗದಕ್ಕೂ ಬರಬಾರದು. ಲಗ್ನಪತ್ರಿಕೆಯಲ್ಲಿ 'ಬಸ್ ಸ್ಟ್ಯಾಂಡ್ ಹತ್ತಿರ' ಎಂದಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದು 'ಸಾರಿಗೆ ನಿಲ್ದಾಣದ ಸಮೀಪ' ಎಂದು ಬರೆಯುತ್ತಿದ್ದರು. ಕಂಪ್ಯೂಟರು ಅವರಿಗೆ ಗಣಕ. ಕೀಬೋರ್ಡು ಕೀಲಿಮಣೆ. ಮೌಸು ಇಲಿ. "ಹೂಂ... ತಂಗೀ, ಆ ಇಲಿ ಜರಾ ಕೆಳಗ ತಗೋ, ಆ ಸಾಲಿನ್ಯಾಗ ದೀರ್ಘ ಬಿಟ್ಟದ" ಎಂದರೆ ಅಕ್ಕ ನಗದೆ ತಿದ್ದುತ್ತಿದ್ದರು. ನಾನು ನಗುತ್ತಿದ್ದೆ. ಇಂಥ ಸರಕು ಅಣಕಿಸುವವನಿಗೆ ದಿನಾ ಸಿಗುವುದಿಲ್ಲ.

ಇನ್ನೊಂದನ್ನೂ ಮೊದಲ ದಿನವೇ ನೋಡಿದೆ. ಅಂಗಳದ ಮೂಲೆಯಲ್ಲಿ, ನೀರಿನ ಟಾಕಿಯ ಪಕ್ಕ, ನೆಲಕ್ಕೆ ಹುಗಿದ ಒಂದು ಚೌಕ ಕಲ್ಲು. ನಡುವೆ ತೂತು. ಮೇಲೆ ಮೂರು ಬೆರಳಿನ ವಿಭೂತಿ, ಎರಡು ಕಣಗಿಲೆ ಹೂವು. ಕಾಕಾ ಬಂದವರೇ ಚೀಲ ಗೂಟಕ್ಕೆ ಹಾಕಿ, ಟಾಕಿಯಿಂದ ಒಂದು ಕೊಡ ನೀರು ತುಂಬಿ, ಆ ಕಲ್ಲಿನ ತೂತಿಗೆ ಸಾವಕಾಶ ಸುರಿದರು. ಚಪ್ಪಲಿ ಬಿಡಲಿಲ್ಲ. ದೇವರ ಮುಂದೆ ಚಪ್ಪಲಿ ಬಿಡದ ಭಕ್ತರನ್ನು ನಾನು ಅದೇ ಮೊದಲು ಕಂಡದ್ದು. ಅವರ ಲೆಕ್ಕದಲ್ಲಿ ಕಮ್ಮಿ ಬಿದ್ದ ಭಕ್ತಿಯನ್ನು ತುಂಬಿಕೊಡೋಣವೆಂದು ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ನೆಟ್‌ವರ್ಕ್ ಚೆನ್ನಾಗಿ ನಡೆಯಲಿ ಎಂದು ಬೇಡಿಕೊಂಡೆ ಕೂಡ. ಬೇಡಿದ ಜಾಗ ಸರಿಯಾಗಿಯೇ ಇತ್ತೆಂದು ಎರಡು ತಿಂಗಳ ಮೇಲೆ ತಿಳಿಯಿತು.

ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಫೋನುಗಳು ಶುರುವಾದವು. "ಮುಂಜಾನಿ ನಡೀತದ, ಮಧ್ಯಾಹ್ನ ಸಾಯ್ತದ," ಎಂದು ಅಕ್ಕ ಹೇಳಿದರು. ಹೋದೆ. ಹತ್ತರ ಸುಮಾರಿಗೆ ಇಳಿದು ಪಿಂಗ್ ಮಾಡಿದರೆ ನಾಲ್ಕಕ್ಕೆ ನಾಲ್ಕು. ಹನ್ನೆರಡರವರೆಗೆ ಕೂತೆ, ಸರಿಯಾಗಿಯೇ ಇತ್ತು. ಅಚ್ಚಿನ ಮಷಿನ್ನು ಶುರುವಾದ ಮೇಲೆ ನಾಲ್ಕಕ್ಕೆ ಎರಡು, ಆಮೇಲೆ ಒಂದು, ಆಮೇಲೆ ಕರೆಗೆ ಉತ್ತರವೇ ಇಲ್ಲ. ಟೋಪಿ ಬಿಚ್ಚಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಹಾಕಿದೆ. ಅಷ್ಟರಲ್ಲಿ ಊಟದ ಹೊತ್ತಾಗಿ ಮಷಿನ್ನು ನಿಂತಿತ್ತು, ಪಿಂಗ್ ಸರಿಯಾಯಿತು. ಟೋಪಿ ಒರೆಸಿದ್ದರಿಂದಲೇ ಸರಿಯಾಯಿತೆಂದು ನಂಬಿ, ಹೆಮ್ಮೆಯಿಂದ ಬಸ್ಸು ಹತ್ತಿದೆ.

ನಾಲ್ಕು ದಿನಕ್ಕೆ ಮತ್ತೆ ಫೋನು. ಈ ಸಲ ಕೇಬಲ್ಲಿನ ಎರಡೂ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಿಸಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ತುಂಬಿದೆ. ಎಲ್ಲ ಮಾಡಿದ ಮೇಲೂ ಮಧ್ಯಾಹ್ನ ಬಂದೇ ಬಂತು, ನೆಟ್‌ವರ್ಕ್ ಹೋಗೇ ಹೋಯಿತು.

ಮೂರನೆಯ ಸಲ ಹೋದಾಗ ಕಾಕಾ ಪ್ರೂಫಿನಿಂದ ತಲೆ ಎತ್ತಿದರು. "ಹೂಂ... ತಮ್ಮಾ, ಆ ಗಣಕದ ಡಬ್ಬಿಗಿ ಕೈ ಹಚ್ಚಿ ನೋಡಿದಿ ಏನು? ಜುಮ್ಮ ಅಂತದ. ಭೂಮಿ ಒಣಗ್ಯಾದ. ನಾ ದಿನಾ ಒಂದ ಕೊಡ ಹಾಕ್ತೀನಿ, ಈ ಬಿಸಿಲಿಗಿ ಸಾಲಲ್ದು. ಭೂಮಿಗಿ ನೀರ ಇನ್ನಾ ಬೇಕು."

ನಾನು "ಹೌದ್ರಿ ಕಾಕಾ" ಎಂದೆ. ಅಂಗಳ ದಾಟಿ ಮುಂದಿನ ಕೋಣೆಗೆ ಬಂದು, ಇಲ್ಲದ ಕನ್ನಡಕ ಸರಿಮಾಡಿಕೊಂಡು ಅಕ್ಕನಿಗೆ ಹೇಳಿದೆ: "ಹೂಂ... ತಂಗೀ, ಈ ಗಣಕಕ್ಕ ಕಾಯಿಲಾ ಏನಂದ್ರ, ಭೂಮಿ ಒಣಗ್ಯಾದ. ಒಂದ ಮಳಿ ಬಿದ್ರ ಲಗ್ನಪತ್ರಿಕಿ ತಾನೇ ಬೆಳೀತಾವ."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾಲೀಕನೂ ನಕ್ಕ. "ಮತ್ತೊಮ್ಮೆ ಮಾಡು," ಎಂದ. ಮತ್ತೊಮ್ಮೆ ಮಾಡಿದೆ. ಕಾಕಾ ಅದನ್ನೇ ಇನ್ನೂ ಎರಡು ಸಲ, ಬೇರೆ ಬೇರೆ ದಿನ ಹೇಳಿದರು. ಎರಡು ಸಲವೂ ನನ್ನ ಆಟಕ್ಕೆ ಹೊಸ ಮಾತು ಸೇರಿದವು.

ನಗು ಎಷ್ಟು ದಿನ ನಡೆದೀತು? ಲಗ್ನದ ಹಂಗಾಮು ಹತ್ತಿರ ಬಂದಿತ್ತು. ಒಂದು ದಿನ ಮಾಲೀಕ ನನ್ನೆದುರೇ ಸೇಠ್‌ಜಿಗೆ ಫೋನ್ ಹಚ್ಚಿ, ನಿಮ್ಮ ಹುಡುಗನಿಗೆ ಕೆಲಸ ಬರುವುದಿಲ್ಲ ಎಂದು ಹೇಳಿದ. ಸೇಠ್‌ಜಿ ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ಸಂಜಿ ಮಟಾ ಕಾರಣ ಹುಡುಕು. ಇಲ್ಲಾಂದ್ರ ಅಲ್ಲೇ ಲಗ್ನಪತ್ರಿಕಿ ಮಡಚಕೋತ ಕೂಡು."

ಕಾರಣ ನನ್ನ ಹತ್ತಿರ ಇರಲಿಲ್ಲ. ಹಿಂದಿನ ಕೋಣೆಗೆ ಹೋದಾಗ ಕಾಕಾ ಬಗ್ಗಿ, ಟಿ ಕೊಂಡಿಗೆ ಬೆರಳ ಹಿಂಬದಿ ತಾಗಿಸಿ ನೋಡುತ್ತಿದ್ದರು. ಹಾಗೆ ನೋಡುವುದು ಅನುಭವಸ್ಥರ ಪದ್ಧತಿ. ಶಾಕ್ ಹೊಡೆದರೆ ಕೈ ತಾನೇ ಹಿಂದೆ ಬರುತ್ತದೆ. ಅದು ನನಗೆ ಹೊಳೆಯಲಿಲ್ಲ. ನನಗೆ ಕಂಡದ್ದು ಹೊಸ ಆಟ. ಮುಂದಿನ ಕೋಣೆಗೆ ಬಂದು ಮೇಜಿನ ಮೇಲಿನ ವೈರು ಹಿಡಿದುಕೊಂಡು, ಕಾಕಾನ ದನಿಯಲ್ಲಿ, "ಹೂಂ... ಈ ಇಲಿ ಬ್ಯಾಡ, ಇಲಿ ಬಾಲ ಬ್ಯಾಡ, ನನ್ನ ಮೊಳಿ ನನಗ ಕೊಡ್ರಿ" ಎನ್ನುತ್ತ ವೈರನ್ನು ಜಗ್ಗಿ ತೋರಿಸಿದೆ.

ಅಕ್ಕ ನಗಲಿಲ್ಲ. ಮಾಲೀಕನೂ ನಗಲಿಲ್ಲ. "ಖರೇನ? ಕಾಕಾ ವೈರ್ ಜಗ್ಗತಾರೇನು?" ಎಂದ.

ಇಲ್ಲ ಎನ್ನಬೇಕಿತ್ತು. ಎರಡಕ್ಷರದ ಮಾತು. ಅದರ ಬದಲು, "ನಾ ಹಂಗ ಅಂದಿಲ್ಲರಿ. ಕೊಂಡಿಗಿ ಕೈ ಹಚ್ಚಿದ್ದು ಮಾತ್ರ ನೋಡೀನಿ," ಎಂದೆ. ಸುಳ್ಳಿನ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಆದರೆ ಸುಳ್ಳು ಮಾಡುವ ಕೆಲಸವನ್ನೆಲ್ಲ ಅದು ಮಾಡಿತು.

ಮಾಲೀಕ ಅಂಗಳ ದಾಟಿ ಹೋದ. ನಾನು ಹಿಂದಿನಿಂದ ಕೇಳುತ್ತಿದ್ದೆ.

"ಕಾಕಾ, ಲಗ್ನದ ಸೀಜನ್ ಮುಗಿಯೂತನ ಮನ್ಯಾಗ ಆರಾಮ ಮಾಡ್ರಿ."

"ಹೂಂ... ಹಂಗಾಮಿನ್ಯಾಗೇ ಕೆಲಸ ಇರ್ತದಲ್ಲಪಾ. ಆರಾಮ ಆಮ್ಯಾಲ ಮಾಡ್ತೀನಿ."

"ಬ್ಯಾಡ್ರಿ. ನಿಮಗ ಈ ಮಷಿನ್ ಸೇರಂಗಿಲ್ಲ ಅಂತ ನನಗ ಗೊತ್ತದ. ಸುಮ್ಕ ಯಾಕ ತ್ರಾಸು."

ಕಾಕಾ ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ದಾರ ಸುತ್ತಿದರು, ಕೆಂಪು ಪೆನ್ಸಿಲ್ಲನ್ನು ಅಂಗಿಯ ಜೇಬಿಗೆ ಹಾಕಿದರು, ಗೂಟದ ಚೀಲ ತೆಗೆದರು. ಹೊಸ್ತಿಲಲ್ಲಿ ನಿಂತು, "ಹೂಂ... ನೀರ ಮರೀಬ್ಯಾಡ್ರಿ," ಎಂದರು.

"ದೇವರಿಗಿ ನಮ್ಮವ್ವ ಹೂವ ಏರಿಸ್ತಾಳ, ಚಿಂತಿ ಬಿಡ್ರಿ," ಎಂದ ಮಾಲೀಕ.

ಕಾಕಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಆ ಸಂಜೆ ಬಸ್ಸಿನಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಗಂಟಲು ಕೆಟ್ಟಿದೆ ಎಂದು ಕಂಡಕ್ಟರಿಗೆ ಹೇಳಿದೆ.

ಐದನೆಯ ದಿನ ಬೆಳಿಗ್ಗೆಯೇ ಫೋನು ಬಂತು. ಈ ಸಲ ಮಧ್ಯಾಹ್ನಕ್ಕೂ ಕಾದಿರಲಿಲ್ಲ. ಹೋಗಿ ನೋಡಿದರೆ ನೆಟ್‌ವರ್ಕ್ ಪೂರ್ತಿ ಸತ್ತಿತ್ತು, ಹಿಂದಿನ ಕಂಪ್ಯೂಟರಿನ ಕಾರ್ಡು ಸುಟ್ಟ ವಾಸನೆ. ಅಕ್ಕನ ಬೆರಳಿಗೆ ಶಾಕ್ ಹೊಡೆದಿತ್ತು. ಅದಕ್ಕೂ ಮೇಲಾಗಿ ಮೇಜಿನ ಮೇಲೆ ಕೆಂಪು ಬಂಗಾರದ ಬಣ್ಣದಲ್ಲಿ ಅಚ್ಚಾಗಿ ಮಡಚಿ ಇಟ್ಟ ಪತ್ರಿಕೆಗಳ ಒಂದು ರಾಶಿ. ಘಾಟಬೋರಾಳದ ಲಗ್ನ. ಫ್ಲಾಪಿ ಹಿಡಿದು ಓಡಾಡುವ ಗಡಿಬಿಡಿಯಲ್ಲಿ ಅಕ್ಕನ ಬೆರಳು ಒಂದು ಅಕ್ಷರ ತಪ್ಪಿತ್ತು, ಹಿಡಿಯಲು ಕೆಂಪು ಪೆನ್ಸಿಲ್ಲು ಇರಲಿಲ್ಲ. ಪತ್ರಿಕೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ಶುಭ ವಿವಾದ' ಎಂದು ಅಚ್ಚಾಗಿತ್ತು.

"ಬೀಗರು ಬಂದು ನೋಡಿ ಹೋದ್ರು," ಎಂದರು ಅಕ್ಕ. "ವಿವಾದ ಅಲ್ಲೇ ನಿಂತು ಶುರು ಮಾಡಿದ್ರು."

ಮಾಲೀಕ ಕುರ್ಚಿಯಿಂದ ಏಳಲಿಲ್ಲ. "ಕಾಕಾ ರಾಜೇಶ್ವರದಾಗ ಅದಾರ. ವೈರ್ ಇಲ್ಲೇ ಅದ. ಈಗ ಯಾರು ಜಗ್ಗಿದ್ರಪಾ? ಅವರ ದನಿನೂ ಜರಾ ತೆಗಿ, ಕೇಳೂನು."

ಜಗತ್ತಿನಲ್ಲಿ ತೆಗೆಯಲಾಗದ ಒಂದು ದನಿ ಇದೆ ಎಂದು ಅವತ್ತು ಗೊತ್ತಾಯಿತು.

ಕೆಲಸಕ್ಕೆ ಕೂತೆ. ಮೀಟರು ಹಚ್ಚಿ ಟೋಪಿಗಳನ್ನು ಒಂದೊಂದಾಗಿ ನೋಡಿದೆ: ಐವತ್ತು ಓಮ್, ಸರಿ. ಎರಡನ್ನೂ ಕೇಬಲ್ಲಿಗೆ ಹಾಕಿ ನೋಡಿದೆ: ಇಪ್ಪತ್ತೈದು, ಸರಿ. ಅಂದರೆ ಕೇಬಲ್ಲು ಎಲ್ಲೂ ತುಂಡಾಗಿಲ್ಲ, ಎಲ್ಲೂ ಒಳಗೊಳಗೆ ಕೂಡಿಕೊಂಡೂ ಇಲ್ಲ. ಚೀಲದಿಂದ ಹೊಸ ಕಾರ್ಡು ತೆಗೆದು ಹಿಂದಿನ ಕಂಪ್ಯೂಟರಿಗೆ ಹಾಕಿದೆ. ಕಂಪ್ಯೂಟರು ಶುರುಮಾಡಿ, ಕೇಬಲ್ಲನ್ನು ಜೋಡಿಸಲು ಎಡಗೈಯನ್ನು ಡಬ್ಬಿಯ ಮೇಲಿಟ್ಟು ಬಲಗೈಯಲ್ಲಿ ಕೊಂಡಿ ಹಿಡಿದೆ. ಮೊಣಕೈವರೆಗೆ ಒಂದು ಇರುವೆ ಸಾಲು ಓಡಿದಂತಾಯಿತು.

"ಜುಮ್ಮ ಅಂತದ!" ಎಂದು ಕೂಗಿದೆ.

ಬಾಗಿಲಲ್ಲಿದ್ದ ಅಕ್ಕ ಮುಖ ಗಂಟಿಕ್ಕಿದರು. "ಈಗೂ ನಕಲ್ ಮಾಡ್ತಿ ಏನು? ನಾಚಿಕಿ ಬರಂಗಿಲ್ಲ?"

"ಇಲ್ಲಕ್ಕ. ಇದು ಅಸಲಿ."

ಮೀಟರನ್ನು ವೋಲ್ಟಿಗೆ ತಿರುಗಿಸಿ ಒಂದು ಕಡ್ಡಿಯನ್ನು ಡಬ್ಬಿಗೆ, ಇನ್ನೊಂದನ್ನು ಮುಂದಿನ ಕೋಣೆಯಿಂದ ಬಂದ ಕೇಬಲ್ಲಿನ ಹೊರಕವಚಕ್ಕೆ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ನೂರರ ಹತ್ತಿರ ಇತ್ತು. ಎರಡು ಕೋಣೆಗೆ ಎರಡು ಬೇರೆ ಫೇಸಿನ ಕರೆಂಟು. ಪ್ರತಿ ಕಂಪ್ಯೂಟರಿನ ಡಬ್ಬಿಗೂ ಒಂದಿಷ್ಟು ಕರೆಂಟು ಸೋರುತ್ತದೆ. ಅದು ಪ್ಲಗ್ಗಿನ ಮೂರನೆಯ ತೂತಿನ ವೈರು ಹಿಡಿದು ನೆಲಕ್ಕಿಳಿದು ಹೋಗಬೇಕು. ನೆಲಕ್ಕೆ ದಾರಿ ಸಿಗದೆ ಅದು ನನ್ನ ಕೇಬಲ್ಲನ್ನೇ ದಾರಿ ಮಾಡಿಕೊಂಡು ಆ ಕೋಣೆಯಿಂದ ಈ ಕೋಣೆಗೆ ತಿರುಗಾಡುತ್ತಿತ್ತು. ಮಷಿನ್ನು ಶುರುವಾದರೆ ಇನ್ನೂ ಜೋರು.

ಅಂಗಿಯ ಜೇಬಿನಿಂದ ಸೇಠ್‌ಜಿಯ ರಟ್ಟಿನ ಚೀಟಿ ತೆಗೆದೆ. ಮೊದಲ ಸಾಲು: 'ಮೊದಲು ಅರ್ಥಿಂಗ್ ನೋಡು. ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ.' ನಾನು ಮೊದಲ ದಿನ ಗೋಡೆಯಲ್ಲಿ ಮೂರು ತೂತು ನೋಡಿ, ತೃಪ್ತಿಪಟ್ಟು, ಎರಡನೆಯ ಸಾಲಿಗೆ ಹೋಗಿದ್ದೆ.

ಟೆಸ್ಟ್ ಮಾಡಲು ಒಂದು ಹೋಲ್ಡರಿಗೆ ಬಲ್ಬು ಹಾಕಿ ಎರಡು ವೈರು ಬಿಟ್ಟೆ. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರೆ ಕೋಣೆ ತುಂಬ ಬೆಳಕು. ಫೇಸಿಗೂ ಅರ್ಥಿಗೂ ಹಿಡಿದರೆ ಬಲ್ಬಿನೊಳಗಿನ ತಂತಿ ಸೇದಿ ಮುಗಿದ ಬೀಡಿಯಂತೆ ಕೆಂಪಗೆ ಕಂಡಿತು, ಅಷ್ಟೆ.

ಬೋರ್ಡಿನಿಂದ ಅರ್ಥ್ ವೈರು ಎಲ್ಲಿ ಹೋಗುತ್ತದೆಂದು ಬೆರಳಿಟ್ಟು ಹಿಂಬಾಲಿಸಿದೆ. ಗೋಡೆಯ ತೂತಿನಿಂದ ಹೊರಗೆ ಬಂತು. ಅಂಗಳದ ಗೋಡೆಗುಂಟ ಸುಣ್ಣದ ಕೆಳಗೆ ಅಡಗಿ ನಡೆಯಿತು. ನೀರಿನ ಟಾಕಿಯ ಹಿಂದೆ ಇಳಿಯಿತು. ಇಳಿದು, ವಿಭೂತಿ ಹಚ್ಚಿದ ಆ ಕಲ್ಲಿನ ಅಡಿಗೆ ಹೋಯಿತು.

ನಾನು ಕಲ್ಲಿಗೆ ಕೈ ಹಾಕಿದ್ದೇ ತಡ, ಮಾಲೀಕ ಓಡಿ ಬಂದ. "ಏ, ದೇವರಿಗಿ ಕೈ ಹಚ್ಚಬ್ಯಾಡ! ಅಪ್ಪ ಇದ್ದಾಗಿಂದ ಅಮಾಸಿಗೊಮ್ಮೆ ಪೂಜಿ ಆಗ್ತದ ಅದಕ್ಕ!"

"ಮಾಲಕ್ರೇ, ದೇವರಿಗಿ ವೈರ್ ಯಾಕ ಅದ?"

ಅವನು ಬಗ್ಗಿ ನೋಡಿದ. ವೈರು ಇತ್ತು. ಆಮೇಲೆ ಅವನೇ ಒಂದು ಮಗ್ಗುಲು ಹಿಡಿದ, ಕಲ್ಲು ಎತ್ತಿದೆವು. ಕೆಳಗೆ ಒಂದು ಕಬ್ಬಿಣದ ಪೈಪಿನ ಬಾಯಿ, ಅದಕ್ಕೆ ಬಿಗಿದ ತಂತಿ, ಸುತ್ತ ಇದ್ದಿಲು. ಇದ್ದಿಲು ಒಣಗಿ ಗರಿಗರಿಯಾಗಿತ್ತು; ಒಣ ನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಮಾವಾಸ್ಯೆಗೆ ಮಷಿನ್ನುಗಳಿಗೆಲ್ಲ ವಿಭೂತಿ ಹಚ್ಚುವಾಗ ಅವನ ತಂದೆ, ಇದೂ ಮಷಿನ್ನಿನದೇ ಒಂದು ಭಾಗವೆಂದು ಇದಕ್ಕೂ ಹಚ್ಚಿದ್ದರು. ತಂದೆ ಹೋದ ಮೇಲೆ ವಿಭೂತಿ ಉಳಿಯಿತು, ಮಷಿನ್ನಿನ ಭಾಗವೆಂಬುದು ಹೋಯಿತು. ಇದ್ದವರಲ್ಲಿ ಅದು ಏನೆಂದು ಬಲ್ಲವರು ಒಬ್ಬರೇ. ಅವರು ಅದಕ್ಕೆ ಕೈಮುಗಿಯುತ್ತಿರಲಿಲ್ಲ, ಚಪ್ಪಲಿ ಬಿಡುತ್ತಿರಲಿಲ್ಲ, ದಿನಾ ಒಂದು ಕೊಡ ನೀರು ಹಾಕುತ್ತಿದ್ದರು. ಮತ್ತು ಇಂಗ್ಲಿಷ್ ಶಬ್ದ ಬಾಯಿಗೆ ಬರಬಾರದೆಂಬ ಹಟಕ್ಕೆ, ಅರ್ಥ್ ಎನ್ನುವುದನ್ನೂ ಕನ್ನಡಕ್ಕೆ ತಿದ್ದಿಕೊಂಡಿದ್ದರು.

ಇಲಿ ಅಂದರೆ ಮೌಸ್ ಎಂದು ನನಗೆ ತಿಳಿದಿತ್ತು. ಕೀಲಿಮಣೆ ಅಂದರೆ ಕೀಬೋರ್ಡ್ ಎಂದು ತಿಳಿದಿತ್ತು. ಭೂಮಿ ಅಂದರೆ ಏನೆಂದು ತಿಳಿಯಲು ಒಂದು ಕಾರ್ಡು ಸುಡಬೇಕಾಯಿತು.

ಮಗ್ಗುಲಲ್ಲೇ ಇದ್ದ ಮಾಲೀಕನ ಮನೆಯಿಂದ ಎರಡು ಬೊಗಸೆ ಉಪ್ಪು ಬಂತು. ಟಾಕಿಯಿಂದ ಮೂರು ಕೊಡ ನೀರು ಪೈಪಿಗೆ ಹಾಕಿದೆ. ನೆಲ ಅದನ್ನು ಬಹಳ ದಿನ ಉಪವಾಸವಿದ್ದವರಂತೆ ಕುಡಿಯಿತು. ಅಕ್ಕ ಒಳಗೆ ಬಲ್ಬು ನೋಡುತ್ತ ನಿಂತಿದ್ದರು. "ಬೀಡಿ ಅದ... ಇನ್ನಾ ಬೀಡಿನೇ... ತಡಿ, ತಡಿ, ಜರಾ ಹಳದಿ ಆತು... ಬೆಳಕು ಬಿತ್ತು ಬಿತ್ತು!" ಕಾಲು ಗಂಟೆಯಲ್ಲಿ ಬಲ್ಬು ದೀಪವಾಯಿತು. ಡಬ್ಬಿಗೂ ಕೇಬ‍ಲ್ಲಿಗೂ ನಡುವೆ ನೂರಿದ್ದದ್ದು ಒಂದೆರಡಕ್ಕೆ ಇಳಿಯಿತು. ಕೇಬಲ್ಲು ಜೋಡಿಸಿ, ಅಚ್ಚಿನ ಮಷಿನ್ನನ್ನೂ ಶುರುಮಾಡಿಸಿ, ಪಿಂಗ್ ಮಾಡಿದೆ. 'ಇದ್ದೀಯಾ?' 'ಇದ್ದೀನಿ', ನಾಲ್ಕಕ್ಕೆ ನಾಲ್ಕು. ಮತ್ತೆ ನಾಲ್ಕು. ಅದೇ ಮಧ್ಯಾಹ್ನದ ಹೊತ್ತು, ಅದೇ ಮಷಿನ್ನಿನ ಸದ್ದು.

ಮಾಲೀಕ ನನ್ನ ಬೆನ್ನು ತಟ್ಟಿದ. "ಮಂಗ್ಯಾ ಅಂತ ತಿಳಿದಿದ್ದೆ, ಭಾಳ ಶಾಣ್ಯಾ ಇದ್ದಿ. ನಿಮ್ಮ ಸೇಠ್‌ಜಿಗಿ ಈಗೇ ಫೋನ್ ಹಚ್ತೀನಿ."

ಇಲ್ಲಿ ನಿಂತು ಯೋಚಿಸಿದೆ. ಹುಮನಾಬಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಕಾನ ಹೆಸರನ್ನು ಯಾರೂ ಎತ್ತಿರಲಿಲ್ಲ. ದಿನಾ ಮೂರು ಕೊಡ ನೀರು ಹಾಕಿ ಎಂದು ಹೇಳಿ ಚೀಲ ಹೆಗಲಿಗೆ ಹಾಕಿದ್ದರೆ, ಕಾರಣ ಹುಡುಕಿದವನು ನಾನಾಗುತ್ತಿದ್ದೆ, ವೈರು ಜಗ್ಗಿದವರು ಕಾಕಾ ಆಗಿಯೇ ಉಳಿಯುತ್ತಿದ್ದರು. ಸೀಜನ್ ಮುಗಿದ ಮೇಲೂ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

"ಫೋನ್ ಇಡ್ರಿ," ಎಂದೆ. "ಕಾಕಾ ವೈರ್ ಜಗ್ಗಿಲ್ಲರಿ. ಜಗ್ಗಿದ್ದು ನಾ ನೋಡಿಲ್ಲ. ನನಗ ಕಾರಣ ಸಿಗಲಿಲ್ಲ, ಅದಕ್ಕ ಸುಮ್ಕ ಆಟ ಕಟ್ಟಿದೆ. ಈ ಕಲ್ಲಿನ ತಳಾಗ ಏನದ ಅಂತ ಅವರು ಮೂರು ಸಲ ಹೇಳ್ಯಾರ. ಭೂಮಿ ಒಣಗ್ಯಾದ ಅಂದ್ರಲ್ಲ, ಅದು ಇದೇ. ಮೂರೂ ಸಲ ನಾ ನಿಮ್ಮನ್ನ ನಗಿಸೀನಿ."

ಮಾಲೀಕ ನನ್ನ ಮುಖವನ್ನೇ ನೋಡಿದ. "ಇದು ಯಾರ ದನಿ?"

"ನಂದೇ ರಿ."

"ಹೌದಾ? ಇಷ್ಟ ದಿನದಾಗ ಇವತ್ತೇ ಕೇಳಾಕತ್ತೀನಿ."

ಫೋನು ಕೆಳಗಿಟ್ಟ. "ನಗಿಸಿದವ ನೀನು. ನಕ್ಕವ ನಾನು. ಮನಿಗಿ ಕಳಿಸಿದವನೂ ನಾನೇ," ಎಂದ. ಆಮೇಲೆ ಮೋಟರ್ ಸೈಕಲ್ಲಿನ ಚಾವಿ ತೆಗೆದುಕೊಂಡ. "ಹತ್ತು. ರಾಜೇಶ್ವರಕ್ಕ ಹೋಗೂನು."

ಹೊರಡುವಾಗ ಅಕ್ಕ ಓಡಿ ಬಂದು ಒಂದು 'ಶುಭ ವಿವಾದ' ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು. "ಕಾಕಾಗ ತೋರಸು. ಮಾಫಿ ಕೇಳೂಕಿಂತ ಇದಕ್ಕ ಲಗೂ ಏಳ್ತಾರ."

ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಿರಾಣಿ ಕಟ್ಟಿಕೊಟ್ಟ ಹಳೆಯ ಪೇಪರಿನ ಹಾಳೆ ಮಂಡಿಯ ಮೇಲೆ ಹರಡಿಕೊಂಡು ಕೆಂಪು ಪೆನ್ಸಿಲ್ಲಿನಲ್ಲಿ ತಪ್ಪು ತಿದ್ದುತ್ತಿದ್ದರು. ಮಾಲೀಕ ಗಾಡಿ ನಿಲ್ಲಿಸಿ, ಇಳಿದು, ಅವರ ಕಾಲು ಮುಟ್ಟಿ, "ಕಾಕಾ, ತಪ್ಪಾತು. ಭೂಮಿ ಒಣಗಿತ್ತು," ಎಂದ.

"ಹೂಂ... ಈಗ?"

"ಮೂರು ಕೊಡ ಹಾಕೀವಿ."

"ಉಪ್ಪು?"

"ಹಾಕೀವ್ರಿ."

ಕಾಕಾ ತಲೆಯಾಡಿಸಿದರು. ನಾನು ಪತ್ರಿಕೆ ಮುಂದೆ ಚಾಚಿದೆ. ಕನ್ನಡಕದ ದಾರ ಕಿವಿಗೆ ಸಿಕ್ಕಿಸಿಕೊಂಡು ನೋಡಿದರು. 'ದ' ಅಕ್ಷರಕ್ಕೆ ಒಂದು ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಹ' ಬರೆದರು. ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡು ಎದ್ದು ಚಪ್ಪಲಿ ಮೆಟ್ಟಿದರು.

ನನ್ನ ಸರದಿ ಬಂದಿತ್ತು. ದಾರಿಯುದ್ದಕ್ಕೂ ಒಂದು ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕೈ ಎತ್ತಿದರು.

"ಹೂಂ... ನನ್ನ ದನಿ ತೆಗೀತಿಯಂತ. ಎಲ್ಲಾರೂ ಕೇಳ್ಯಾರ, ನಾ ಒಬ್ಬನೇ ಕೇಳಿಲ್ಲ. ತೆಗಿ ಒಮ್ಮೆ."

"ಬ್ಯಾಡ್ರಿ ಕಾಕಾ."

"ತೆಗಿ ಅಂದ್ನಲ್ಲ."

ಅದುವರೆಗೆ ನಾನು ಮಾಡಿದ ಆಟಗಳಲ್ಲಿ ಅಷ್ಟು ಕಷ್ಟದ್ದು ಇರಲಿಲ್ಲ. ನೆಲ ನೋಡುತ್ತ ಹೇಳಿದೆ: "ಹೂಂ... ತಮ್ಮಾ, ಭೂಮಿ ಒಣಗ್ಯಾದ. ಭೂಮಿಗಿ ನೀರ ಬೇಕು."

ಒಳಗಿನಿಂದ ಅವರ ಮನೆಯವರು ಕೂಗಿದರು: "ಏನಂದ್ರಿ? ನೀರ ತರಲೇನು?"

ಮಾಲೀಕ ನಗು ತಡೆಯಲಾರದೆ ಗಾಡಿಯ ಕಡೆ ತಿರುಗಿ ಕಿಕ್ ಹೊಡೆದ. ಕಾಕಾ ಮಾತ್ರ ಪ್ರೂಫ್ ನೋಡುವವರಂತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಓದಿದರು. ಆಮೇಲೆ ಚೀಲ ಹೆಗಲಿಗೆ ಹಾಕಿ, ನಾನು ಕೂತು ಬಂದ ಜಾಗದಲ್ಲಿ ಅವರು ಕೂತರು. ಮೂರನೆಯವನಿಗೆ ಗಾಡಿಯಲ್ಲಿ ಜಾಗವಿರಲಿಲ್ಲ; ನಾನು ಬಸ್ಸಿಗೆ ನಿಲ್ಲಬೇಕಿತ್ತು. ಗಾಡಿ ಮುಂದಕ್ಕೆ ಹೋಗುವ ಮೊದಲು ಅವರು ಮಾಲೀಕನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಹೂಂ... ದನಿ ಬರೋಬರಿ ತೆಗದಿ ತಮ್ಮಾ, ಒಂದೂ ತಪ್ಪಿಲ್ಲ. ಅದರಾಗ ಮಾತೂ ಇರ್ತಾವ, ಅವನ್ನ ಯಾವಾಗ ಕೇಳ್ತಿ?"